ಮೂವರಿಗೆ ಒಂದೇ ಸೊನ್ನೆ

ಆಕೆ ನನ್ನ ಕೋಣೆಗೆ ಮೊದಲ ಸಲ ಬಂದದ್ದು ಜಗಳವಾಡಲು. ಕೈಯಲ್ಲಿ ಒಂದು ಪ್ರಬಂಧ, ಅದರ ನಲವತ್ತಮೂರನೆಯ ಪುಟದ ನಡುವೆ ಸಿಕ್ಕಿಸಿದ ಹೆಬ್ಬೆರಳು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

“ಇದಕ್ಕೆ ಮಾರ್ಗದರ್ಶನ ಮಾಡಿರೋದು ನೀವೇನಾ ಮೇಡಂ?”

“ನಾನೇ.”

“ಹಾಗಾದ್ರೆ ಇಲ್ಲಿರೋದು ಸುಳ್ಳು ಅಂತ ನಿಮಗೇ ಹೇಳ್ಬೇಕು.”

ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದಲ್ಲಿ ಲಿಂಗತ್ವ ಮತ್ತು ರಾಜಕಾರಣ ಎಂಬ ವಿಷಯವನ್ನು ನಾನು ಇಪ್ಪತ್ತಾರು ವರ್ಷ ಕಲಿಸಿದೆ. ಹೆಂಗಸರು ಅಧಿಕಾರದ ಜಾಗಗಳಿಗೆ ಹೇಗೆ ಬಂದರು, ಬಂದ ಮೇಲೆ ಅವರ ಮಾತನ್ನು ಯಾರು ಕೇಳಿಸಿಕೊಂಡರು, ಯಾರು ಕೇಳಿಸಿಕೊಳ್ಳಲಿಲ್ಲ ಎನ್ನುವುದನ್ನು ದಾಖಲೆ ಹಿಡಿದು ಓದಿಸುವುದು ನನ್ನ ಕೆಲಸವಾಗಿತ್ತು. ಆಕೆಯ ಕೈಯಲ್ಲಿದ್ದ ಪ್ರಬಂಧವನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ಪುರಸಭೆಯ ಹಳೆಯ ನಡಾವಳಿ ಪುಸ್ತಕಗಳನ್ನು ಓದಿ ಬರೆದು, ಅಲ್ಲಿಗೂ ಒಂದು ಪ್ರತಿ ಕೊಟ್ಟಿದ್ದಳು. ಆ ಪುರಸಭೆಗೆ ಮೊದಲ ಸಲ ಆರಿಸಿ ಬಂದ ಮೂವರು ಹೆಂಗಸರು ಐದು ವರ್ಷದಲ್ಲಿ, ಅರವತ್ತು ಸಭೆಗಳಲ್ಲಿ, ಒಟ್ಟು ಹತ್ತೊಂಬತ್ತು ಸಲ ಮಾತಾಡಿದ್ದರು. ಹುಡುಗಿ ಅವರಿಗೆ ‘ಮೌನ ಸದಸ್ಯೆಯರು’ ಎಂದು ಹೆಸರಿಟ್ಟಿದ್ದಳು. ಮೌನದ ಕಾರಣಗಳನ್ನು ಮೂವತ್ತು ಪುಟ ವಿವರಿಸಿದ್ದಳು: ಸಂಕೋಚ, ಅನುಭವದ ಕೊರತೆ, ಮನೆಯವರ ಒತ್ತಡ. ಆ ವರ್ಷದ ಅತಿ ಹೆಚ್ಚಿನ ಅಂಕವನ್ನು ನಾನು ಅದಕ್ಕೇ ಕೊಟ್ಟಿದ್ದೆ.

“ಮೌನ ಅಂತೆ ಮೌನ! ಒಂದೊಂದು ದಿನ ಅವರ ಬಾಯಿ ಮುಚ್ಚಿಸೋಕೆ ಅಧ್ಯಕ್ಷರು ಗಂಟೆ ಬಾರಿಸಿ ಬಾರಿಸಿ ಕೈ ನೋಯಿಸ್ಕೊಂಡಿದಾರೆ. ನಾನು ಕಿವಿಯಾರೆ ಕೇಳಿದೀನಿ.”

“ನಡಾವಳಿಯಲ್ಲಿ ಇಲ್ಲವಲ್ಲ.”

“ಇಲ್ಲ. ಬರೆದೋಳು ನಾನೇ. ಏನಿದೆ ಏನಿಲ್ಲ ಅಂತ ನನಗೆ ಗೊತ್ತಿಲ್ವಾ?”

ಅದನ್ನು ಹೇಳಿದ ಮೇಲೆ ಕೂತರು.

ಆಗ ಆಕೆಗೆ ಐವತ್ತೇಳು ವಯಸ್ಸು. ಪುರಸಭೆಯಲ್ಲಿ ಶೀಘ್ರಲಿಪಿಗಾರ್ತಿಯಾಗಿ ಮೂವತ್ತೈದು ವರ್ಷವಾಗಿತ್ತು. ತಂದೆ ನ್ಯಾಯಾಲಯದ ಜಗಲಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕೂತು, ಬಂದವರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ಗಂಡ ಬಿಟ್ಟವಳ ಅರ್ಜಿಯನ್ನು ಬೆಳಿಗ್ಗೆ, ಬಿಟ್ಟ ಗಂಡನ ಅರ್ಜಿಯನ್ನು ಮಧ್ಯಾಹ್ನ, ಒಂದೇ ಮುಖ ಇಟ್ಟುಕೊಂಡು ಬರೆಯುವ ಮನುಷ್ಯ. “ಬರೆಯೋ ಕೈಗೆ ಅಭಿಪ್ರಾಯ ಇರಬಾರದು ಮಗಳೇ” ಎನ್ನುವುದು ಅವರು ಆಕೆಗೆ ಬಿಟ್ಟುಹೋದ ಆಸ್ತಿ. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಶೀಘ್ರಲಿಪಿ ಕಲಿತು, ನಿಮಿಷಕ್ಕೆ ನೂರಿಪ್ಪತ್ತು ಪದದ ವೇಗ ಮುಟ್ಟಿ, ಇಪ್ಪತ್ತೆರಡಕ್ಕೆ ಕೆಲಸಕ್ಕೆ ಸೇರಿದರು. ಸಭಾಂಗಣದಲ್ಲಿ ಅಧ್ಯಕ್ಷರ ಎಡಕ್ಕೆ ಆಕೆಯದೊಂದು ಸಣ್ಣ ಮೇಜು. ಮೇಲೆ ಚೂಪು ಮಾಡಿಟ್ಟ ನಾಲ್ಕು ಪೆನ್ಸಿಲ್, ಒಂದು ಪುಸ್ತಕ. ಶೀಘ್ರಲಿಪಿಯ ಗೆರೆಗಳನ್ನು ಮೊದಲ ಸಲ ಇಣುಕಿ ನೋಡಿದ ಕಂಟ್ರಾಕ್ಟರ್ ಸದಸ್ಯರೊಬ್ಬರು, “ಏನಮ್ಮಾ ಇದು, ಕೋಳಿ ಕೆದಕಿದ ಹಾಗಿದೆ!” ಎಂದರು. ಅಂದಿನಿಂದ ಆಕೆ ಇಡೀ ಕಚೇರಿಗೆ ಗೀಚಮ್ಮ. ಹೆಸರು ಅಂಟಿಕೊಂಡಿತು, ಆಕೆಯೂ ಬಿಡಿಸಿಕೊಳ್ಳಲು ಹೋಗಲಿಲ್ಲ.

ಗಂಡ ಕೈಗಡಿಯಾರ ರಿಪೇರಿ ಮಾಡುವವರು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಮಾತಾಡುವ ಅಭ್ಯಾಸ ಅವರದು. ಹೆಂಡತಿಯ ಕೆಲಸದ ಬಗ್ಗೆ ಅವರದೊಂದು ಹಳೆಯ ಹಾಸ್ಯವಿತ್ತು: “ನಾನು ಎಷ್ಟೇ ಸರಿ ಮಾಡಿದ್ರೂ ಗಡಿಯಾರ ವಾಪಸ್ ಬರುತ್ತೆ. ಇವಳ ಕೆಲಸ ನೋಡಿ, ಒಂದು ನಡಾವಳಿನೂ ಇವತ್ತಿನವರೆಗೆ ವಾಪಸ್ ಬಂದಿಲ್ಲ.”

ನಡಾವಳಿ ತಯಾರಾಗುತ್ತಿದ್ದ ಕ್ರಮವನ್ನು ಆಕೆ ಅಂದು ನನಗೆ ವಿವರಿಸಿದರು. ಸಭೆಯಲ್ಲಿ ಕಿವಿಗೆ ಬಿದ್ದದ್ದೆಲ್ಲ ಶೀಘ್ರಲಿಪಿಯಲ್ಲಿ ಪುಸ್ತಕಕ್ಕೆ. ಮರುದಿನ ಅದರಿಂದ ಶುದ್ಧ ಪ್ರತಿ. ಶುದ್ಧ ಪ್ರತಿಗೆ ಏನು ಹೋಗಬೇಕು, ಏನು ಹೋಗಬಾರದು ಎನ್ನುವುದಕ್ಕೆ ಹೆಡ್ ಕ್ಲಾರ್ಕ್ ಒಂದು ಸೂತ್ರ ಕೊಟ್ಟಿದ್ದರು. ಯಾರ ಮಾತಿಗೆ ಅಧ್ಯಕ್ಷರು ಉತ್ತರ ಕೊಟ್ಟರೋ ಅವರ ಹೆಸರು ಬರಿ. ಉತ್ತರ ಬರದಿದ್ದರೆ ಅದು ಮಾತಲ್ಲ, ಸದ್ದು, ಬಿಡು. ಹೆಡ್ ಕ್ಲಾರ್ಕ್ ಕೆಟ್ಟವರಲ್ಲ. ಇಪ್ಪತ್ತೇಳು ಜನ ಒಟ್ಟಿಗೆ ಕೂಗಾಡುವ ಸಭೆಯನ್ನು ಆರು ಪುಟಕ್ಕೆ ಇಳಿಸಲು ಯಾವುದಾದರೊಂದು ಜರಡಿ ಬೇಕಿತ್ತು, ಅಷ್ಟೆ. ಆ ಮೂವರು ಹೆಂಗಸರಿಗೆ ಅಧ್ಯಕ್ಷರು ಉತ್ತರ ಕೊಡುತ್ತಿರಲಿಲ್ಲ. “ಮುಂದಿನ ವಿಷಯ” ಎನ್ನುತ್ತಿದ್ದರು. ಹೀಗೆ ಐದು ವರ್ಷದ ಮಾತು ಜರಡಿಯ ಕೆಳಗೆ ಬಿತ್ತು. ಎಲ್ಲೋ ಅಪರೂಪಕ್ಕೆ ಉಳಿದ ಹತ್ತೊಂಬತ್ತೂ ‘ಮಹಿಳಾ ಸದಸ್ಯರು ಕೋರಿದರು’ ಎಂದೇ ಉಳಿದವು.

“ಆ ಶೀಘ್ರಲಿಪಿ ಪುಸ್ತಕಗಳು?”

“ನಡಾವಳಿಗೆ ಅಧ್ಯಕ್ಷರ ಸಹಿ ಬಿದ್ದ ಮೇಲೆ ಸುಡ್ಬೇಕು ಅಂತ ನಿಯಮ. ಸುಟ್ಟಿದೀನಿ. ಆ ಐದು ವರ್ಷದ್ದು ಮಾತ್ರ ಸುಟ್ಟಿಲ್ಲ.”

ಕಾರಣ ದೊಡ್ಡದೇನಲ್ಲ. ಆ ವರ್ಷಗಳಲ್ಲಿ ಮಗಳು ಕೂಡುವ ಕಳೆಯುವ ಲೆಕ್ಕ ಕಲಿಯುತ್ತಿದ್ದಳು. ಶೀಘ್ರಲಿಪಿಯನ್ನು ಹಾಳೆಯ ಒಂದೇ ಬದಿಗೆ ಬರೆಯುತ್ತಾರೆ. ಇನ್ನೊಂದು ಬದಿ ಖಾಲಿ. ತಾಯಿ ಮಗಳ ಅಭ್ಯಾಸಕ್ಕೆಂದು ಪುಸ್ತಕ ಮನೆಗೆ ತಂದರು. ನಲವತ್ತೊಂದು ಪುಸ್ತಕ ಮಂಚದ ಕೆಳಗಿನ ಟ್ರಂಕಿನಲ್ಲಿ ಉಳಿದವು. ಮಗಳು ಈಗ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ.

ಆ ಪುಸ್ತಕಗಳನ್ನು ಓದಬಲ್ಲವರು ಲೋಕದಲ್ಲಿ ಒಬ್ಬರೇ. ಶೀಘ್ರಲಿಪಿ ಕಲಿತ ಬೇರೆಯವರಿಗೂ ಆಕೆಯ ಗೆರೆಗಳು ಅರ್ಥವಾಗುತ್ತಿರಲಿಲ್ಲ. ಪ್ರತಿಯೊಬ್ಬರ ಕೈ ವರ್ಷಗಳಲ್ಲಿ ತನ್ನದೇ ದಾರಿ ಹಿಡಿಯುತ್ತದೆ. ಬೇರೆ ಯಾರಿಗಾದರೂ ಓದಿಸಿ ಬರೆಸೋಣ ಎಂದರೆ ಸಾಧ್ಯವಿರಲಿಲ್ಲ. “ಹಾಗಾದರೆ ನೀವೇ ಬಂದು ಬರೆಯಿರಿ” ಎಂದೆ. ಅಂಚೆ ಮೂಲಕ ಓದಿದ ಬಿ.ಎ. ಆಕೆಯ ಬಳಿ ಇತ್ತು. ಮುಂದಿನ ವರ್ಷ ವಾರಾಂತ್ಯದ ಎಂ.ಎ. ತರಗತಿಗೆ ಸೇರಿದರು.

ಮನೆಯಲ್ಲಿ ಆದ ಮಾತನ್ನು ಆಕೆಯೇ ನನಗೆ ವರದಿ ಮಾಡಿದರು, ಶುದ್ಧ ಪ್ರತಿ ಓದುವ ದನಿಯಲ್ಲಿ. ಮಗಳು, “ಈ ವಯಸ್ಸಲ್ಲಿ ಇದೆಲ್ಲಾ ಯಾಕಮ್ಮಾ? ಮಂಡಿ ನೋವು ಅಂತೀಯ, ಮೂರು ಮಹಡಿ ಹತ್ತಿ ಪಾಠ ಕೇಳ್ತೀಯಾ?” ಎಂದಳಂತೆ. ಗಂಡ ಗಡಿಯಾರದೊಳಗಿನಿಂದ ಕಣ್ಣೆತ್ತದೆ, “ಹೋಗ್ಲಿ ಬಿಡು ಮಗಾ. ಮೂವತ್ತು ವರ್ಷಕ್ಕೆ ಒಂದು ವಾಪಸ್ ಬಂದಿದೆ. ರಿಪೇರಿ ಮಾಡ್ಕೊಡ್ಬೇಕಾದ್ದು ಧರ್ಮ” ಎಂದರಂತೆ.

ವಿದ್ಯಾರ್ಥಿನಿಯಾಗಿ ಆಕೆ ಮೊದಲಿಗೆ ಕಳಪೆ. ಮೊದಲ ಬರಹದಲ್ಲಿ ಎಲ್ಲವೂ ‘ಪ್ರಸ್ತಾಪಿಸಲಾಯಿತು’, ‘ಚರ್ಚಿಸಲಾಯಿತು’, ‘ತೀರ್ಮಾನಿಸಲಾಯಿತು’. ಪ್ರತಿಯೊಂದರ ಪಕ್ಕ ಕೆಂಪು ಶಾಯಿಯಲ್ಲಿ ‘ಯಾರು?’ ಎಂದು ಬರೆದು, ಇಪ್ಪತ್ತೈದಕ್ಕೆ ಒಂಬತ್ತು ಹಾಕಿ ವಾಪಸ್ ಕೊಟ್ಟೆ. ಬರಹದಲ್ಲಿ ಹದಿನೇಳು ‘ಯಾರು?’ ಇದ್ದವು ಎಂದು ಆಕೆ ಎಣಿಸಿ ಹೇಳಿದರು. ತರಗತಿಯ ಹುಡುಗಿಯರು ಮೊದಲು ಆಂಟಿ ಎಂದರು. ಒಂದು ತಿಂಗಳಾದ ಮೇಲೆ ಅಕ್ಕ ಎಂದರು, ಏಕೆಂದರೆ ನನ್ನ ಪಾಠವನ್ನು ಒಂದು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದವರು ಆಕೆ ಒಬ್ಬರೇ. ಪರೀಕ್ಷೆ ಹತ್ತಿರ ಬಂದಾಗ ಆಕೆಯ ಸುತ್ತ ಜಾತ್ರೆ. “ಮೇಡಂ ಕೆಮ್ಮಿದ್ದೂ ಬರೆದಿದೀರಲ್ಲ ಅಕ್ಕಾ!” ಎಂದು ಒಬ್ಬಳು ನಗುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಎರಡನೆಯ ವರ್ಷ ಪ್ರಬಂಧ. ಆಕೆ ಆ ನಲವತ್ತೊಂದು ಪುಸ್ತಕಗಳನ್ನು ಮೊದಲಿನಿಂದ ಓದತೊಡಗಿದರು. ಆರು ತಿಂಗಳಲ್ಲಿ ಎಣಿಕೆ ಮುಗಿಯಿತು. ನಡಾವಳಿಯ ಹತ್ತೊಂಬತ್ತರ ಎದುರು ಶೀಘ್ರಲಿಪಿಯಲ್ಲಿ ಇನ್ನೂರ ಹದಿನಾಲ್ಕು. ಮೌನ ಎಂದು ನಾನು ಅಂಕ ಕೊಟ್ಟದ್ದು ಇದಕ್ಕೆ. ಆ ಹಳೆಯ ವಿದ್ಯಾರ್ಥಿನಿಗೆ ಕಾಗದ ಬರೆದು ತಿಳಿಸಿದೆ. ನನ್ನ ಪಾಠದ ಟಿಪ್ಪಣಿಯಲ್ಲೂ ಒಂದು ಹಾಳೆ ಹರಿದು ಹಾಕಬೇಕಾಯಿತು.

ಇನ್ನೂರ ಹದಿನಾಲ್ಕರಲ್ಲಿ ಒಂದು ಮಾತು ಆಕೆಗೆ ಉಳಿದವುಗಳಿಗಿಂತ ಮುಖ್ಯವಾಗಿತ್ತು. ನೂಲಿನ ಗಿರಣಿಗೂ ಕಾರ್ಮಿಕರ ಮನೆಗಳಿಗೂ ನಡುವೆ ದೊಡ್ಡ ಕೊಳಚೆ ಕಾಲುವೆ. ದಾಟಲು ಅಡ್ಡ ಹಾಕಿದ ಒಂದು ಹಲಗೆ. ಈಗ ಅಲ್ಲಿ ಸಿಮೆಂಟಿನ ಕಾಲುಸೇತುವೆ ಇದೆ. ಸೇತುವೆಯ ಕಲ್ಲಿನ ಮೇಲೆ, ಇದು ಕಂಟ್ರಾಕ್ಟರ್ ಸದಸ್ಯರ ಸೂಚನೆಯಂತೆ ಆದದ್ದು ಎಂದು ಅವರ ಹೆಸರು ಕೆತ್ತಿದೆ. ನಡಾವಳಿಯಲ್ಲೂ ಅವರದೇ ಹೆಸರು. ಶೀಘ್ರಲಿಪಿ ಪುಸ್ತಕ ಬೇರೆ ಹೇಳುತ್ತಿತ್ತು. ಅದೇ ಸಭೆಯಲ್ಲಿ, ಹನ್ನೊಂದು ಪುಟ ಹಿಂದೆ, ಹೆಂಗಸರ ಬೆಂಚಿನಿಂದ ಬಂದ ಮಾತು ಹೀಗಿತ್ತು: “ಕಾಲುವೆಗೆ ಹಲಗೆ ಬೇಡ, ಸೇತುವೆ ಬೇಕು. ಈ ವಾರ ಇಬ್ಬರು ಜಾರಿ ಬಿದ್ದಿದಾರೆ. ನಾಳೆ ಹೆಣ ಎತ್ತೋಕೆ ನಿಮ್ಮಲ್ಲಿ ಯಾರು ಬರ್ತೀರಿ?” ಅಧ್ಯಕ್ಷರು: “ಮುಂದಿನ ವಿಷಯ.” ಹನ್ನೊಂದು ಪುಟ ಆದ ಮೇಲೆ ಕಂಟ್ರಾಕ್ಟರು ಎದ್ದು ಅದನ್ನೇ, ಹೆಣದ ಮಾತೊಂದನ್ನು ಬಿಟ್ಟು, ಹೇಳಿದರು. ಅಧ್ಯಕ್ಷರು: “ಒಳ್ಳೆ ಸಲಹೆ.”

ಆ ಮೂವರು ಸದಸ್ಯೆಯರಲ್ಲಿ ಒಬ್ಬರು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಎಪ್ಪತ್ತೈದು ದಾಟಿ, ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದು ಮಂಜಾಗಿ, ಮಗನ ಮನೆಯ ಮುಂದಿನ ಕೋಣೆಯಲ್ಲಿ ಇದ್ದರು. ಗೀಚಮ್ಮ ಎಣಿಕೆ ಮುಗಿದ ವಾರವೇ ಅವರ ಬಳಿಗೆ ಓಡಿದರು. ಸೇತುವೆಯ ಮಾತನ್ನು ಓದಿ ಹೇಳಿದರು.

“ಅದು ನನ್ನ ಮಾತು ಕಣೇ!” ಎಂದರು ನರ್ಸ್. “ಬಿದ್ದವಳ ಕಾಲು ಮುರಿದಿತ್ತು. ಪಟ್ಟಿ ಕಟ್ಟಿದ್ದು ನಾನು. ಆ ಕಂಟ್ರಾಕ್ಟರ್ ಕದ್ದ. ಇಪ್ಪತ್ತೆರಡು ವರ್ಷ ಆ ಕಲ್ಲು ನೋಡ್ಕೊಂಡು ಆ ಸೇತುವೆ ಮೇಲೆ ಓಡಾಡಿದೀನಿ.”

“ಈ ಸಲ ನಿಮ್ಮ ಹೆಸರು ಬರುತ್ತೆ ನರ್ಸಕ್ಕಾ. ವಿಶ್ವವಿದ್ಯಾಲಯದ ಪುಸ್ತಕದಲ್ಲಿ. ನಾನು ಮಾತು ಕೊಡ್ತೀನಿ.”

“ಬೇಗ ಬರಿ. ಈ ಕಣ್ಣು ಇರೋ ಅಷ್ಟರಲ್ಲಿ ಒಂದು ಸಲ ನೋಡ್ಬೇಕು.”

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು. ಅಧ್ಯಾಯದ ಕರಡು ನನ್ನ ಮೇಜಿಗೆ ಬಂದಾಗ, ನಾನು ಯಾವ ವಿದ್ಯಾರ್ಥಿಯನ್ನಾದರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: “ಈ ಇನ್ನೂರ ಹದಿನಾಲ್ಕರಲ್ಲಿ ಮೂವರಲ್ಲಿ ಯಾರದು ಎಷ್ಟು? ಬಿಡಿಸಿ ಕೊಡಿ.”

ಆಕೆ ಕರಡನ್ನು ಬದಿಗೆ ಸರಿಸಿದರು. ಚೀಲದಿಂದ ಒಂದು ಪುಸ್ತಕ ತೆಗೆದು ನನ್ನ ಮುಂದೆ ಬಿಡಿಸಿ ಹಿಡಿದರು. ಮೊದಲ ಸಲ ನೋಡುತ್ತಿರುವವರಂತೆ ತಾವೂ ನೋಡಿದರು.

ಶೀಘ್ರಲಿಪಿಗಾರರು ಮಾತಾಡಿದವರ ಹೆಸರನ್ನು ಪೂರ್ತಿ ಬರೆಯುವುದಿಲ್ಲ, ಸಮಯ ಇರುವುದಿಲ್ಲ. ಪ್ರತಿ ಸದಸ್ಯರಿಗೆ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ಕಂಟ್ರಾಕ್ಟರಿಗೆ ಒಂದು ಕೊಕ್ಕೆ. ಡಾಕ್ಟರಿಗೆ ಓರೆ ಗೆರೆ. ವಕೀಲರಿಗೆ ಮೇಲೊಂದು ಕೆಳಗೊಂದು ಚುಕ್ಕೆ. ಇಪ್ಪತ್ತನಾಲ್ಕು ಗಂಡಸರಿಗೆ ಇಪ್ಪತ್ತನಾಲ್ಕು ಗುರುತು. ಬಾಗಿಲ ಬಳಿಯ ಬೆಂಚಿನ ಮೇಲೆ ಒಟ್ಟಿಗೆ ಕೂರುತ್ತಿದ್ದ ಮೂವರು ಹೆಂಗಸರಿಗೆ ಒಂದು ಗುರುತು: ಒಂದು ಸಣ್ಣ ಸೊನ್ನೆ. ಮೂವರಿಗೂ ಅದೇ.

“ಹೆಂಗಸರ ಬೆಂಚು ಅಂತ ಹಾಕ್ಕೊಂಡಿದ್ದು” ಎಂದರು. “ಅವರ ಮಾತು ಶುದ್ಧ ಪ್ರತಿಗೆ ಹೋಗಲ್ವಲ್ಲ. ಯಾರು ಅಂತ ಬೇರೆ ಬೇರೆ ಗೊತ್ತಾಗಿ ಏನಾಗ್ಬೇಕು ಅಂತ…”

ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದರು. ಮುಂದಿನ ಎರಡು ವಾರ ತರಗತಿಗೆ ಬರಲಿಲ್ಲ.

ಆ ಎರಡು ವಾರ ಆಕೆ ಮಾಡಿದ್ದು ಹುಡುಕಾಟ. ಹಾಜರಿ ಪುಸ್ತಕ ತೆಗೆಸಿ ನೋಡಿದರು. ಸೇತುವೆಯ ಸಭೆಗೆ ಮೂವರೂ ಬಂದು ಸಹಿ ಮಾಡಿದ್ದರು. ಎರಡನೆಯ ಸದಸ್ಯೆ ಟೈಲರಮ್ಮ. ಹೊಲಿಗೆ ಅಂಗಡಿಯನ್ನು ಈಗಲೂ ನಡೆಸುತ್ತಿದ್ದರು. ಗೀಚಮ್ಮ ಅಲ್ಲಿಗೆ ಹೋಗಿ, ಸೇತುವೆಯ ಮಾತು ಯಾರದೆಂದು ಯಾವ ಸುಳಿವೂ ಕೊಡದೆ ಕೇಳಿದರು.

“ಯಾರದ್ದು ಏನು ಯಾರದ್ದು? ನನ್ನದೇ. ಬಟ್ಟೆ ಗಂಟು ತಲೆ ಮೇಲೆ ಹೊತ್ಕೊಂಡು ದಿನಾ ಆ ಹಲಗೆ ಮೇಲೆ ಸರ್ಕಸ್ ಮಾಡ್ತಿದ್ದೋಳು ನಾನು. ಹೆಣ ಎತ್ತೋಕೆ ಯಾರು ಬರ್ತೀರಿ ಅಂತ ಆ ಕಂಟ್ರಾಕ್ಟರ್ ಮುಖ ನೋಡ್ಕೊಂಡೇ ಕೇಳಿದ್ದೆ.”

“ನರ್ಸಕ್ಕ ತಾನು ಅಂತಾರೆ.”

“ನರ್ಸಮ್ಮನಾ? ಡ್ಯೂಟಿ ಮುಗಿಸ್ಕೊಂಡು ಬಂದು ಸಭೆಲಿ ತೂಕಡಿಸ್ತಿದ್ರು. ಗಂಟೆ ಬಾರಿಸಿದಾಗ ಎಚ್ಚರಾಗಿ, ಸಭೆ ಮುಗೀತೇನೇ ಅಂತ ನನ್ನನ್ನ ಕೇಳ್ತಿದ್ರು.”

ಮೂರನೆಯ ಸದಸ್ಯೆ ಬೇಕರಿ ನಡೆಸುತ್ತಿದ್ದವರು, ತೀರಿಕೊಂಡು ಆರು ವರ್ಷವಾಗಿತ್ತು. ಬೇಕರಿಯಮ್ಮ ಬಾಯೇ ಬಿಡುತ್ತಿರಲಿಲ್ಲ ಎಂದು ನರ್ಸ್ ಮೊದಲ ಭೇಟಿಯಲ್ಲೇ ಹೇಳಿದ್ದರು. ಎಲ್ಲರಿಗಿಂತ ಜಾಸ್ತಿ ಅವಳೇ ಮಾತಾಡುತ್ತಿದ್ದುದು, ಆದರೆ ಮೆಲ್ಲಗೆ, ಎಂದರು ಟೈಲರಮ್ಮ. ಹಾಗಾಗಿ ಸತ್ತವರನ್ನೂ ಪಟ್ಟಿಯಿಂದ ತೆಗೆಯುವಂತಿರಲಿಲ್ಲ. ಗೀಚಮ್ಮನ ನೆನಪಿಗೆ ಎಷ್ಟು ಕೆದಕಿದರೂ ಬಂದದ್ದು ಬಾಗಿಲ ಬಳಿಯ ಬೆಂಚು, ಅಲ್ಲಿಂದ ಬಂದ ಒಂದು ದನಿ. ಬರೆಯುವಾಗ ಆಕೆ ತಲೆ ಎತ್ತಿ ನೋಡಿರಲಿಲ್ಲ. ನೂರಿಪ್ಪತ್ತು ಪದದ ವೇಗದವರು ತಲೆ ಎತ್ತುವುದಿಲ್ಲ. ಗಂಡಸರ ಗುರುತನ್ನು ದನಿ ಕೇಳಿಯೇ ಹಾಕುತ್ತಿದ್ದರು. ಇಪ್ಪತ್ತನಾಲ್ಕು ದನಿಗಳನ್ನು ಬೇರೆ ಮಾಡಿದ ಕಿವಿ ಮೂರನ್ನು ಬೇರೆ ಮಾಡುವ ಗೋಜಿಗೇ ಹೋಗಿರಲಿಲ್ಲ.

ಮೂರನೆಯ ವಾರ ಬಂದು ಇದೆಲ್ಲವನ್ನೂ ಹೇಳಿದರು. ಆಕೆಯ ಮುಂದೆ ಒಂದು ಸುಲಭದ ದಾರಿ ಇತ್ತು, ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆ ಸೊನ್ನೆಯನ್ನು ನರ್ಸ್ ಎಂದು ಓದಿದರೆ, ಪುಸ್ತಕ ತೆರೆದು ಅಲ್ಲ ಎಂದು ತೋರಿಸಬಲ್ಲವರು ಯಾರೂ ಇರಲಿಲ್ಲ. ಮಂಜುಗಣ್ಣಿನ ಮುದುಕಿಗೆ ಕೊಟ್ಟ ಮಾತು ಉಳಿಯುತ್ತಿತ್ತು. ನಾನು ಅದನ್ನು ಹೇಳಲಿಲ್ಲ. ಹೇಳುವುದು ನನ್ನ ಕೆಲಸವಲ್ಲ. ಬೇರೊಂದು ಹೇಳಿದೆ.

“ಸೇತುವೆಯ ಅಧ್ಯಾಯ ಬಿಟ್ಟುಬಿಡಿ. ಹತ್ತೊಂಬತ್ತು, ಇನ್ನೂರ ಹದಿನಾಲ್ಕು, ಈ ಎರಡು ಸಂಖ್ಯೆಯೇ ಸಾಕು. ಚೆನ್ನಾಗಿ ಪಾಸಾಗುತ್ತೀರಿ.”

“ಪಾಸಾಗೋಕೆ ಬರೋದಾಗಿದ್ರೆ ಮೂವತ್ತು ವರ್ಷದ ಹಿಂದೆನೇ ಬರ್ತಿದ್ದೆ ಮೇಡಂ.”

“ಮತ್ತೆ ಏನು ಮಾಡುತ್ತೀರಿ?”

“ಮೂರೂ ಹೆಸರು ಬರೀತೀನಿ. ಮೂವರೂ ಸೇರಿ ಕೇಳಿದ್ರು ಅಂತ. ಯಾರಿಗೂ ನೋವಾಗಲ್ಲ.”

ಯೋಚಿಸಿ ಎಂದೆ. ಆಕೆ ಯೋಚಿಸಲಿಲ್ಲ; ನೇರ ನರ್ಸ್ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ನನಗೆ ಆಕೆಯೇ ಹೇಳಿದರು, ತಮ್ಮ ಮೇಲೆ ಬಿದ್ದ ಒಂದು ಮಾತನ್ನೂ ಬಿಡದೆ.

ಸೊನ್ನೆಯ ಸಂಗತಿ ಕೇಳಿ ನರ್ಸ್, “ಅಧ್ಯಕ್ಷ ಹಾಗೆ ಅಂತ ಗೊತ್ತಿತ್ತು. ಕಂಟ್ರಾಕ್ಟರ್ ಹಾಗೆ ಅಂತ ಗೊತ್ತಿತ್ತು. ಆ ಕೋಣೆಲಿ ನಮ್ಮ ಕಡೆ ಒಬ್ಬಳಿದಾಳೆ, ಎಲ್ಲಾ ಬರ್ಕೋತಾಳೆ ಅಂತ ಅನ್ಕೊಂಡಿದ್ದೆ. ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲೇ ಗೀಚಮ್ಮಾ” ಎಂದರಂತೆ.

“ತಪ್ಪಾಯ್ತು ನರ್ಸಕ್ಕಾ. ಮೂವರ ಹೆಸರೂ ಒಟ್ಟಿಗೆ ಹಾಕ್ಲಾ?”

“ಮೂರು ಜನ ಒಂದೇ ಬಾಯಲ್ಲಿ ಮಾತಾಡಿದ್ವಾ? ನಾಟಕದ ಮೇಳನಾ ನಾವು? ಆವತ್ತು ಪೆನ್ಸಿಲಲ್ಲಿ ಸೊನ್ನೆ ಹಾಕ್ದೆ, ಇವತ್ತು ಅದನ್ನೇ ಅಚ್ಚಲ್ಲಿ ಹಾಕ್ತೀನಿ ಅಂತೀಯ. ಬೇಡ.”

“ನಿಮ್ಮೊಬ್ಬರದೇ ಹಾಕ್ಲಾ ಹಾಗಾದ್ರೆ?”

ಇದನ್ನು ಕೇಳಬಾರದಿತ್ತು ಎಂದು ಆಕೆಗೆ ಕೇಳಿದ ಮೇಲೆ ಹೊಳೆಯಿತಂತೆ. ನರ್ಸ್ ತಮ್ಮ ಮಂಜುಗಣ್ಣನ್ನು ಆಕೆ ಕೂತಿದ್ದ ಕಡೆಗೆ ತಿರುಗಿಸಿದರು.

“ಹಾಕು ಅಂತ ನಾನು ಹೇಳಿದ್ರೆ, ನಿನ್ನ ಹತ್ರ ಗುರುತಿದೆಯಾ?”

“ಇಲ್ಲ.”

“ಮತ್ತೆ ನನ್ನನ್ನ ಯಾಕೆ ಕೇಳ್ತೀಯ? ಆ ಕಂಟ್ರಾಕ್ಟರ್ ಹಾಗೆ ನಾನೂ ಒಂದು ಕಲ್ಲು ಕೆತ್ತಿಸ್ಕೊಳ್ಲಾ? ಹೇಳಿದ್ದು ನಾನೇ. ಅದು ನನಗೆ ಗೊತ್ತು. ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರಿ. ಯಾಕೆ ಗೊತ್ತಿಲ್ಲ ಅನ್ನೋದನ್ನೂ ಬರಿ.”

ಆಕೆ ಹಾಗೇ ಬರೆದರು. ಅಧ್ಯಾಯ ಹದಿನಾಲ್ಕು ಪುಟ. ಅದರಲ್ಲಿ ಒಂದೂ ‘ಲಾಯಿತು’ ಇರಲಿಲ್ಲ. ‘ಈ ಮೂವರಲ್ಲಿ ಒಬ್ಬರು ಸೇತುವೆಯನ್ನು ಮೊದಲು ಕೇಳಿದರು. ಯಾರೆಂದು ಹೇಳಲು ಆಗುವುದಿಲ್ಲ. ಅಧ್ಯಕ್ಷರು ಅವರಿಗೆ ಉತ್ತರ ಕೊಡಲಿಲ್ಲ; ಹೆಡ್ ಕ್ಲಾರ್ಕ್ ಉತ್ತರವಿಲ್ಲದ ಮಾತನ್ನು ಬಿಡಲು ಹೇಳಿದರು; ನಾನು ಅದಕ್ಕೂ ಮೊದಲೇ, ಯಾರೂ ಹೇಳದೆ, ಮೂವರಿಗೆ ಒಂದು ಗುರುತು ಹಾಕಿದೆ.’ ಕೆಳಗೆ ಟಿಪ್ಪಣಿಯಲ್ಲಿ, ನರ್ಸ್ ತಾನೆಂದು ಹೇಳುತ್ತಾರೆ, ಟೈಲರ್ ತಾನೆಂದು ಹೇಳುತ್ತಾರೆ, ಬೇಕರಿಯವರನ್ನು ಕೇಳಲು ಆಗಲಿಲ್ಲ ಎಂದು ಮೂರು ಬೇರೆ ಬೇರೆ ಸಾಲು. ಸುಡಬೇಕಾದ ಪುಸ್ತಕಗಳನ್ನು ಸುಡದೆ ಮನೆಯಲ್ಲಿಟ್ಟದ್ದನ್ನೂ ಬರೆದರು. ನಿವೃತ್ತಿಗೆ ಏಳು ತಿಂಗಳಿತ್ತು. ಕಚೇರಿಯಿಂದ ನೋಟಿಸ್ ಬಂತು, ಆಕೆ ಉತ್ತರ ಕೊಟ್ಟರು, ಅದು ಅಲ್ಲಿಗೇ ನಿಂತಿತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನನಗಿಂತ ಚಿಕ್ಕವರು, ಬುದ್ಧಿವಂತರು. ಪರೀಕ್ಷೆ ಯಾರು ಬೇಕಾದರೂ ಬಂದು ಕೂರಬಹುದಾದ ಕೋಣೆಯಲ್ಲಿ. ಹಿಂದಿನ ಸಾಲಿನಲ್ಲಿ ಆಕೆಯ ಗಂಡ, ರಜೆ ಹಾಕಿ ಬಂದ ಮಗಳು. ಅವರ ಪಕ್ಕ ನರ್ಸ್, ಅವರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದ ಟೈಲರಮ್ಮ.

ಪರೀಕ್ಷಕರು ಕೇಳಿದರು: “ಗಂಡಸರ ಧ್ವನಿಗಳನ್ನು ಬೇರೆ ಬೇರೆ ಗುರುತಿಸಿದಿರಿ. ಈ ಮೂವರನ್ನು ಯಾಕೆ ಗುರುತಿಸಲಿಲ್ಲ? ಕಚೇರಿಯ ಒತ್ತಡವೇ?”

ಒತ್ತಡ ಎಂದಿದ್ದರೆ ಎಲ್ಲರೂ ಒಪ್ಪುತ್ತಿದ್ದರು. ಅದಕ್ಕೆ ಬೇಕಾದಷ್ಟು ಪುಸ್ತಕಗಳ ಆಧಾರವನ್ನು ನಾನೇ ಕಲಿಸಿದ್ದೆ.

“ಇಲ್ಲ ಸರ್. ಅಧ್ಯಕ್ಷರಾಗಲಿ ಹೆಡ್ ಕ್ಲಾರ್ಕ್ ಆಗಲಿ ನನ್ನ ಪುಸ್ತಕ ಓದೋಕಾಗ್ತಿರಲಿಲ್ಲ. ಅದರೊಳಗೆ ಏನು ಬರೆದ್ರೂ ಕೇಳೋರಿರಲಿಲ್ಲ. ಬೇಕಾಗಲ್ಲ ಅನ್ಕೊಂಡೆ, ಅಷ್ಟೆ.”

ಪರೀಕ್ಷಕರು ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡರು. ಆಕೆಗೆ ಮೊದಲ ದರ್ಜೆ ಬಂತು, ಅತಿ ಹೆಚ್ಚಿನ ಅಂಕವಲ್ಲ. ವಿಶ್ಲೇಷಣೆ ಇನ್ನೂ ಗಟ್ಟಿಯಾಗಬೇಕಿತ್ತು. ಅದು ನನ್ನ ಅಭಿಪ್ರಾಯವೂ ಹೌದು.

ಹೊರಗೆ ಬಂದರೆ ಕಾರಿಡಾರಿನಲ್ಲಿ ಜಗಳ. ಗೋಡೆ ಬದಿಯ ಬೆಂಚಿನ ಮೇಲೆ ನರ್ಸ್ ಮತ್ತು ಟೈಲರಮ್ಮ. ಹಿಂದಿನ ಸಾಲಿಗೆ ಕೇಳುವಂತೆ ಗೀಚಮ್ಮ ಒಳಗೆ ಅಧ್ಯಾಯದ ಆ ಪುಟವನ್ನು, ತೂಕಡಿಕೆಯ ಮಾತೂ ಸೇರಿದಂತೆ, ಓದಿದ್ದರು. ಬೆಂಕಿ ಅಲ್ಲಿಂದ ಹತ್ತಿತ್ತು.

“ತೂಕಡಿಸ್ತಿದ್ದೆ ಅಂತ ಹೇಳಿದ್ಯಂತೆ?”

“ಗೊರಕೆ ಹೊಡೀತಿದ್ರಿ ಅಂತ ಹೇಳ್ಲಿಲ್ವಲ್ಲ, ಅದಕ್ಕೆ ಸಂತೋಷಪಡಿ.”

“ಕಾಲು ಮುರಿದೋಳ ಪಟ್ಟಿ ಕಟ್ಟಿದ್ದು ಯಾರು?”

“ಪಟ್ಟಿ ನೀವು ಕಟ್ಟಿದ್ರಿ, ಮಾತು ನಾನಾಡಿದೆ. ಸೂಜಿ ಯಾರದ್ದೋ ಅಂಗಿನೂ ಅವರದ್ದೇನಾ?”

ಹುಡುಗಿಯರು ಸುತ್ತ ನಿಂತು ನಗುತ್ತಿದ್ದರು. ಮಗಳು, “ಅಮ್ಮಾ, ಬಿಡಿಸು ಹೋಗು” ಎಂದಳು. ಆಕೆ ಬಿಡಿಸಲು ಹೋಗಲಿಲ್ಲ. ಬೆಂಚಿನ ಎದುರಿನ ಕಿಟಕಿಯ ಕಟ್ಟೆಗೆ ಒರಗಿ ನಿಂತರು. ಚೀಲದಿಂದ ಪುಸ್ತಕ ತೆಗೆದು ಬರೆಯುತ್ತಿದ್ದರು. ನಾನು ಗಮನಿಸಿದ್ದು ಒಂದೇ: ಈ ಸಲ ಪ್ರತಿ ಸಾಲಿಗೂ ತಲೆ ಎತ್ತಿ ನೋಡುತ್ತಿದ್ದರು. ಅದರಿಂದ ವೇಗ ಕಡಿಮೆಯಾಗಿತ್ತು.

ನಾನು ಪಕ್ಕಕ್ಕೆ ಹೋಗಿ ಹಾಳೆ ನೋಡಿದೆ. ಗೆರೆಗಳು ನನಗೆ ಓದಲು ಬರುವುದಿಲ್ಲ. ಸಾಲುಗಳ ತಲೆಯಲ್ಲಿದ್ದ ಗುರುತುಗಳು ಮಾತ್ರ ತಿಳಿದವು. ಒಂದು ಆಸ್ಪತ್ರೆಯ ಶಿಲುಬೆಯಂಥ ಗುರುತು, ಒಂದು ಸೂಜಿಯಂಥ ಉದ್ದಗೆರೆ. ಒಂದರ ಕೆಳಗೆ ಒಂದು, ಬೇರೆ ಬೇರೆ.

ಪೆನ್ಸಿಲಿನ ಸದ್ದು ನರ್ಸ್ ಕಿವಿಗೆ ಬಿತ್ತು.

“ಬರ್ಕೋತಿದೀಯೇನೇ?”

“ಹೂಂ, ನರ್ಸಕ್ಕಾ.”

“ಓದು ನೋಡೋಣ.”

ಆಕೆ ಮೊದಲಿನಿಂದ ಓದಿದರು, ಯಾವ ಮಾತು ಯಾರದೆಂದು ಪ್ರತಿ ಸಾಲಿಗೂ ಹೇಳುತ್ತಾ. ಕಾರಿಡಾರಿನ ನಗು ನಿಂತಿತು. ಟೈಲರಮ್ಮ ತಮ್ಮ ಮಾತು ಬಂದಾಗಲೆಲ್ಲ ತಲೆಯಾಡಿಸಿದರು. ನರ್ಸ್ ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಂದು ಕಡೆ ಕೈ ಎತ್ತಿ ತಡೆದರು.

“‘ಪಟ್ಟಿ ಕಟ್ಟಿದ್ದು ಯಾರು’ ಅಲ್ಲ. ‘ಕಾಲು ಮುರಿದೋಳ ಪಟ್ಟಿ’ ಅಂದಿದ್ದೆ. ಬಿದ್ದೋಳನ್ನ ಬಿಡ್ಬೇಡ.”

ಆಕೆ ಅಲ್ಲಿ ಒಂದು ಗೆರೆ ಸೇರಿಸಿ, ಆ ಸಾಲನ್ನು ಇನ್ನೊಮ್ಮೆ ಓದಿ ತೋರಿಸಿದರು.